ಚಾಲೆಂಜರ್ ವರದಿಯಲ್ಲಿ ವೀಕ್ಷಣೆ ಮತ್ತು ಸಂಸ್ಕಾರ

ಸಮುದ್ರವಿಜ್ಞಾನದ ಚರಿತ್ರೆಯನ್ನು ಹೇಳಹೊರಟವರು ಬ್ರಿಟಿಷ್ ನೌಕಾಸೇನೆಯ ‘ಚಾಲೆಂಜರ್’ ಹಡಗಿನ ಯಾನದಿಂದ ಮೊದಲುಮಾಡುವುದು ವಾಡಿಕೆಯಾಗಿದೆ. 1872ನೆಯ ಡಿಸೆಂಬರಿನಲ್ಲಿ ಇಂಗ್ಲೆಂಡನ್ನು ಬಿಟ್ಟು 1876ನೆಯ ಮೇ ತಿಂಗಳಲ್ಲಿ ಹಿಂದಿರುಗಿದ ಆ ಹಡಗು 68,890 ನಾವಿಕ ಮೈಲಿಗಳ ದಾರಿಯನ್ನು ಕ್ರಮಿಸಿ, 362 ವೀಕ್ಷಣಸ್ಥಾನಗಳಲ್ಲಿ ನಿಂತು, ಕಡಲಿನ ಆಳ, ಉಷ್ಣತೆ, ನೀರಿನ ಗುಣ, ತಳದ ಕೆಸರು, ಜೀವಜಾತಿಗಳು ಇವುಗಳನ್ನು ಪರೀಕ್ಷಿಸಿತು. ಅದರ ಫಲವಾಗಿ 1880ರಿಂದ 1895ರವರೆಗೆ ಹೊರಬಂದ ವರದಿ 50 ಸಂಪುಟಗಳಷ್ಟಾಯಿತು. ಈ ಐವತ್ತರಲ್ಲಿ ನಲವತ್ತು ಪ್ರಾಣಿಶಾಸ್ತ್ರಕ್ಕೆ ಮೀಸಲು. ಭೌತ ಮತ್ತು ರಸಾಯನ ವಿಷಯಗಳಿಗೆ ದೊರೆತವು ಎರಡೇ. ವರದಿಯನ್ನು ಕೊಂಡಾಡುವವರು ಸಾಮಾನ್ಯವಾಗಿ ಆ ನಲವತ್ತನ್ನೇ ಕೊಂಡಾಡುವರು. ರೇಡಿಯೋಲೇರಿಯಗಳನ್ನು ಕುರಿತು ಅರ್ನ್‌ಸ್ಟ್ ಹೆಕೆಲ್ ಬರೆದ ಭಾಗದ 140 ಚಿತ್ರಫಲಕಗಳನ್ನು ಒಮ್ಮೆ ನೋಡಿದವರಿಗೆ ಈ ಪಕ್ಷಪಾತ ಸಹಜವೆಂದೇ ತೋರುವುದು. ಅಂಕಿಗಳ ಕೋಷ್ಟಕಗಳು ತುಂಬಿರುವ ಉಳಿದೆರಡು ಸಂಪುಟಗಳನ್ನು ಸೌಂದರ್ಯಕ್ಕಾಗಿ ಯಾರೂ ತೆರೆಯುವುದಿಲ್ಲ.

ಆದರೆ ಯಾನ ಮುಗಿದು ಒಂದೂವರೆ ಶತಮಾನ ಕಳೆಯುತ್ತಿರುವಾಗ, ಈ ಅಲಕ್ಷಿತ ಕೋಷ್ಟಕಗಳೇ ಹೊಸದಾಗಿ ವಿದ್ವಾಂಸರ ಮೇಜಿನ ಮೇಲೆ ಬಂದಿವೆ. ಇದು ಆಕಸ್ಮಿಕವಲ್ಲ. ವರದಿಯ ಹಿರಿಮೆ ಅದು ಕೂಡಿಸಿದ ಸಾಮಗ್ರಿಯ ರಾಶಿಯಲ್ಲಿರುವುದಕ್ಕಿಂತಲೂ, ಉಪಕರಣದಲ್ಲಿ ಕಂಡದ್ದು ಇಷ್ಟು, ವಿಚಾರದಿಂದ ತಿದ್ದಿದ್ದು ಇಷ್ಟು ಎಂದು ಎರಡನ್ನೂ ಬೇರೆ ಬೇರೆಯಾಗಿ ಉಳಿಸಿದ ಕ್ರಮದಲ್ಲಿದೆ. ಅದು ಸೋತಿರುವುದೂ ಈ ಕ್ರಮ ತಪ್ಪಿದ ಕಡೆಗಳಲ್ಲಿಯೇ.

ಒಂದು ವೀಕ್ಷಣಸ್ಥಾನದಲ್ಲಿ ನಡೆಯುತ್ತಿದ್ದ ಕೆಲಸವನ್ನು ಮೊದಲು ನೋಡಬೇಕು. ಹಡಗು ಹಾಯಿಗಳನ್ನು ಇಳಿಸಿ, ಉಗಿಯ ಬಲದಿಂದ ಗಾಳಿಗೆ ಮುಖಮಾಡಿ, ಆದಷ್ಟು ಒಂದೆಡೆ ನಿಲ್ಲುತ್ತಿತ್ತು. ಆಮೇಲೆ ಆಳ ನೋಡುವ ಸೆಣಬಿನ ಹಗ್ಗವನ್ನು ಇಳಿಬಿಡುವರು. ಇಂಗ್ಲಿಷ್ ನಾವಿಕರ ‘ಫ್ಯಾದಮ್’ ಕನ್ನಡದ ‘ಮಾರು’ ಅಲ್ಲದೆ ಬೇರೆಯಲ್ಲ. ಎರಡೂ ಚಾಚಿದ ತೋಳುಗಳ ಉದ್ದದಿಂದ ಹುಟ್ಟಿದ ಅಳತೆಗಳು. ನಾವಿಕರ ಲೆಕ್ಕದಲ್ಲಿ ಅದು 6 ಅಡಿ. ಹಗ್ಗಕ್ಕೆ 25 ಮಾರುಗಳಿಗೊಂದರಂತೆ ಗುರುತು ಕಟ್ಟಿರುತ್ತಿತ್ತು. ಕೆಳತುದಿಯಲ್ಲಿ ಕಬ್ಬಿಣದ ಭಾರಗಳು. ಅವು ತಳವನ್ನು ಮುಟ್ಟಿದೊಡನೆ ಕಳಚಿಕೊಂಡು ಅಲ್ಲಿಯೇ ಉಳಿಯುವಂತೆ ಏರ್ಪಾಡು. ಮೂರು ನಾಲ್ಕು ಮೈಲಿಗಳ ಹಗ್ಗದ ತೂಕವೇ ಬಹಳವಾದುದರಿಂದ ಭಾರ ತಳ ಮುಟ್ಟಿದರೂ ಹಗ್ಗ ಓಡುತ್ತಲೇ ಇರುವುದು. ಆದುದರಿಂದ ಕೈಯ ಅನುಭವವನ್ನು ನಂಬದೆ, ಪ್ರತಿಯೊಂದು ಗುರುತೂ ನೀರಿಗಿಳಿದ ಕಾಲವನ್ನು ಗಡಿಯಾರ ನೋಡಿ ಬರೆಯುವರು. ಎರಡು ಗುರುತುಗಳ ನಡುವಣ ಕಾಲ ಫಕ್ಕನೆ ಹೆಚ್ಚಿದರೆ ಅಲ್ಲಿ ತಳ ಸಿಕ್ಕಿತೆಂದು ನಿಶ್ಚಯ. ಆಳವೆಂಬುದು ಇಲ್ಲಿ ನೇರವಾಗಿ ಕಂಡ ಸಂಗತಿಯಲ್ಲ, ಕಾಲದ ಪಟ್ಟಿಯಿಂದ ಊಹಿಸಿದ ಸಂಗತಿ. ಪಟ್ಟಿ ಉಳಿದಿದ್ದರೆ ಊಹೆಯನ್ನು ಮತ್ತೊಬ್ಬನು ಪರೀಕ್ಷಿಸಬಹುದು.

ಇದೇ ಕೆಲಸಕ್ಕೆ ಸೆಣಬಿನ ಬದಲು ಪಿಯಾನೋ ತಂತಿಯನ್ನು ಬಳಸುವ ಯಂತ್ರವನ್ನು ವಿಲಿಯಂ ಥಾಮ್ಸನ್ ಎಂಬ ಭೌತಶಾಸ್ತ್ರಜ್ಞನು, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನು, ಆಗಲೇ ನಿರ್ಮಿಸಿದ್ದನು. ಅದು ಹಡಗಿನಲ್ಲಿಯೂ ಇತ್ತು. ಮೊದಲ ಪ್ರಯೋಗದಲ್ಲಿಯೇ ಕುಸಿದುದರಿಂದ ಅದನ್ನು ಮೂಲೆಗೆ ಸೇರಿಸಿದರು. ಅಮೆರಿಕದ ನಾವಿಕರು ಅದೇ ಕಾಲದಲ್ಲಿ ಅದನ್ನು ತಿದ್ದಿ ಬಳಸಿ ಗೆದ್ದುದನ್ನು ನೆನೆದರೆ, ಚಾಲೆಂಜರಿನವರು ಬೇಗನೆ ಕೈಬಿಟ್ಟರೆಂಬ ಆಕ್ಷೇಪಕ್ಕೆ ಉತ್ತರವಿಲ್ಲ. ಮೂರೂವರೆ ವರ್ಷಗಳಲ್ಲಿ ಅವರಿಗೆ ದೊರೆತ ಆಳದ ಅಳತೆಗಳು 492 ಮಾತ್ರ. ಆದರೂ 1875ನೆಯ ಮಾರ್ಚ್ 23ರಂದು, ಮೆರಿಯಾನಾ ದ್ವೀಪಗಳ ನೈಋತ್ಯಕ್ಕೆ, 225ನೆಯ ಸ್ಥಾನದಲ್ಲಿ, ಎಣಿಸಿದುದಕ್ಕಿಂತ ಬಹಳ ಹೆಚ್ಚಿನ ಆಳ ಕಂಡಾಗ ಅವರು ನಡೆದುಕೊಂಡ ರೀತಿ ಮೆಚ್ಚತಕ್ಕದ್ದು. ಮೊದಲ ಅಳತೆಯನ್ನು ನಂಬದೆ ಮತ್ತೊಮ್ಮೆ ಹಗ್ಗವನ್ನು ಇಳಿಸಿ, 4,475 ಮಾರು, ಎಂದರೆ ಸುಮಾರು 8,180 ಮೀಟರ್ ಎಂದು ಬರೆದುಕೊಂಡರು. ಆ ಕಂದಕದ ಪರಮಾವಧಿ ಇನ್ನೂ ಎಷ್ಟೋ ಕೆಳಗಿದೆಯೆಂದು 1951ರಲ್ಲಿ ಅದೇ ಹೆಸರಿನ ಮತ್ತೊಂದು ಹಡಗು ಪ್ರತಿಧ್ವನಿಯಿಂದ ಅಳೆದು ತೋರಿಸಿತು. ಅದರಿಂದ ಮೊದಲನೆಯವರ ಅಳತೆ ಸುಳ್ಳಾಗಲಿಲ್ಲ. ಅವರು ಹಗ್ಗ ಬಿಟ್ಟ ಜಾಗದಲ್ಲಿ ಅವರು ಕಂಡದ್ದು ಅಷ್ಟೇ.

ಆ ಜಾಗ ಯಾವುದೆಂಬುದು ಮುಂದಿನ ಪ್ರಶ್ನೆ. ಸಮುದ್ರಮಧ್ಯದಲ್ಲಿ ಸ್ಥಾನನಿರ್ಣಯಕ್ಕೆ ಸೂರ್ಯನಕ್ಷತ್ರಗಳ ಉನ್ನತಿಯನ್ನು ನೋಡುವ ಸೆಕ್ಸ್‌ಟೆಂಟು ಮತ್ತು ಕಾಲವನ್ನು ಕಾಯುವ ಕ್ರೊನೋಮೀಟರುಗಳೇ ಸಾಧನಗಳಾಗಿದ್ದುವು. ಮೋಡ ಕವಿದ ದಿನ ಹಡಗಿನ ವೇಗವನ್ನೂ ದಿಕ್ಸೂಚಿಯ ದಿಕ್ಕನ್ನೂ ಹಿಡಿದು ಸ್ಥಾನವನ್ನು ಲೆಕ್ಕದಿಂದಲೇ ಸಾಗಿಸಬೇಕಾಗಿತ್ತು. ಮೋಡ ಹರಿದು ಸೂರ್ಯನು ಕಂಡ ಮೇಲೆ ಲೆಕ್ಕದ ಸ್ಥಾನಕ್ಕೂ ನೋಡಿದ ಸ್ಥಾನಕ್ಕೂ ಅಂತರ ಬಂದರೆ, ಆ ಅಂತರವನ್ನೆಲ್ಲ ‘ಪ್ರವಾಹ’ ಎಂಬ ಅಂಕಣದಲ್ಲಿ ಬರೆಯುವುದು ಆಗಿನ ನಾವಿಕರ ರೂಢಿ. ಚಾಲೆಂಜರಿನವರೂ ಇದನ್ನೇ ಅನುಸರಿಸಿದರು. ಇದರಲ್ಲಿರುವ ದೋಷ ಸ್ಪಷ್ಟವಾಗಿದೆ. ಚುಕ್ಕಾಣಿ ಹಿಡಿದವನ ಅಜಾಗರೂಕತೆ, ವೇಗ ನೋಡುವ ಸಾಧನದ ತಪ್ಪು, ಗಾಳಿ ಹಡಗನ್ನು ಪಕ್ಕಕ್ಕೆ ತಳ್ಳಿದುದು, ದಿಕ್ಸೂಚಿಯ ವಿಚಲನ, ಇವೆಲ್ಲ ಸೇರಿ ಕಡಲಿನ ಹರಿವಿನ ವೇಷವನ್ನು ಧರಿಸುತ್ತವೆ. ಗಣಿತದ ಶೇಷವನ್ನು ಪ್ರಕೃತಿಯ ಸಂಗತಿಯೆಂದು ಕರೆದಂತಾಯಿತು. ಕೆಲವು ಸ್ಥಾನಗಳಲ್ಲಿ ದೋಣಿಯಿಂದ ನೀರಿಗೆ ಎಳೆಪಟವನ್ನು ಬಿಟ್ಟು ಹರಿವನ್ನು ನೇರವಾಗಿ ಅಳೆದುದೂ ಉಂಟು. ಅವು ಸ್ವಲ್ಪವಾದರೂ ಬೆಲೆಯುಳ್ಳವು. ಮೊದಲ ಬಗೆಯ ಅಂಕಿಗಳನ್ನು ಇಂದು ಬಿಡಿಸಿ ನೋಡುವುದು ಕಷ್ಟ.

ಉಷ್ಣತೆಯ ವಿಷಯದಲ್ಲಿ ನಡೆದುದು ಇದಕ್ಕೆ ತೀರ ಬೇರೆಯಾದ ಕಥೆ. ವರದಿಯ ಸಾರಭಾಗ ಇದೇ ಎನ್ನಬಹುದು. ಅವರು ಬಳಸಿದುದು ಮಿಲ್ಲರ್ ಮತ್ತು ಕಸೆಲ್ಲಾ ಇಬ್ಬರ ಹೆಸರಿನಿಂದ ಕರೆಯಲ್ಪಡುವ ಉಷ್ಣಮಾಪಕ. ಬಾಗಿದ ನಾಳದಲ್ಲಿ ಪಾದರಸವೂ, ಅದು ತಳ್ಳುವ ಸಣ್ಣ ಸೂಚಿಗಳೂ ಇರುತ್ತವೆ. ಉಪಕರಣ ಹೋದ ದಾರಿಯಲ್ಲಿ ಎದುರಾದ ಅತ್ಯಧಿಕ ಮತ್ತು ಅತ್ಯಲ್ಪ ಉಷ್ಣತೆಗಳಲ್ಲಿ ಸೂಚಿಗಳು ನಿಲ್ಲುತ್ತವೆ. ಆಳದ ಒತ್ತಡಕ್ಕೆ ಬುರುಡೆ ಅಮುಕಿಹೋಗದಂತೆ ಅದರ ಸುತ್ತ ಮತ್ತೊಂದು ಗಾಜಿನ ಕವಚ. ಇಂತಹವನ್ನು ಒಂದು ಹಗ್ಗಕ್ಕೆ ಸಾಮಾನ್ಯವಾಗಿ 100 ಮಾರುಗಳಿಗೊಂದರಂತೆ 1,500 ಮಾರುಗಳವರೆಗೆ ಕಟ್ಟಿ ಇಳಿಬಿಡುವರು. ಹಗ್ಗ ಜಗ್ಗಿದರೆ ಸೂಚಿ ಜಾರುವುದು. ಹಡಗು ಸರಿದರೆ ಹಗ್ಗ ಓರೆಯಾಗುವುದು. ಆಗ 500 ಮಾರು ಎಂದು ಬರೆದ ಉಪಕರಣ ನಿಜವಾಗಿ ಅದಕ್ಕಿಂತ ಮೇಲೆಯೇ ಇರುವುದು. ಇದಕ್ಕಿಂತ ದೊಡ್ಡ ಕೊರತೆಯೊಂದುಂಟು. ಮೇಲೆ ತಣ್ಣೀರು, ಕೆಳಗೆ ಅದಕ್ಕಿಂತ ಬೆಚ್ಚನೆಯ ನೀರು ಇದ್ದಲ್ಲಿ ಈ ಉಪಕರಣ ದಾರಿಯ ತಣ್ಣೀರನ್ನೇ ನೆನಪಿಟ್ಟುಕೊಂಡು ಬರುತ್ತದೆ. 1874ನೆಯ ಫೆಬ್ರವರಿಯಲ್ಲಿ ಹಡಗು ದಕ್ಷಿಣ ಧ್ರುವವೃತ್ತವನ್ನು ದಾಟಿದಾಗ ಈ ಸಂದರ್ಭವೇ ಒದಗಿತು. ಬೇಕಾದ ಆಳದಲ್ಲಿ ತಲೆಕೆಳಗಾಗಿ, ಅಲ್ಲಿನ ಉಷ್ಣತೆಯನ್ನೇ ಹಿಡಿದಿಡುವ ಉಷ್ಣಮಾಪಕವನ್ನು ನೆಗ್ರೆಟ್ಟಿ ಮತ್ತು ಜಾಂಬ್ರಾ ಎಂಬವರು ಸಿದ್ಧಪಡಿಸಿದುದೂ 1874ರಲ್ಲಿಯೇ. ಆದರೆ ಆ ವೇಳೆಗೆ ಯಾನ ಅರ್ಧದಾರಿಯಲ್ಲಿತ್ತು.

ಒತ್ತಡದ ತಪ್ಪನ್ನು ತಿದ್ದಲು ಹೊರಡುವ ಮುನ್ನವೇ ಈ ಉಪಕರಣಗಳನ್ನು ನೀರಿನ ಒತ್ತುಯಂತ್ರದಲ್ಲಿಟ್ಟು ಪರೀಕ್ಷೆ ನಡೆದಿತ್ತು. ಒತ್ತಡ ಹೆಚ್ಚಿದಂತೆ ಉಷ್ಣಮಾಪಕ ಇರಬೇಕಾದುದಕ್ಕಿಂತ ಹೆಚ್ಚು ತೋರಿಸಿತು. ಆ ಹೆಚ್ಚಳವನ್ನು ಅಳೆದು, ಕಡಲಿನಲ್ಲಿ ಕಂಡ ಅಂಕಿಯಿಂದ ಕಳೆಯತಕ್ಕ ಸಂಸ್ಕಾರವೊಂದನ್ನು ನಿಶ್ಚಯಿಸಿದರು. ಪಂಚಾಂಗದ ಗಣಿತವನ್ನು ಬಲ್ಲವರಿಗೆ ಸಂಸ್ಕಾರವೆಂಬುದು ಹೊಸ ಮಾತಲ್ಲ. ಸ್ಥೂಲವಾಗಿ ಬಂದ ಗ್ರಹಸ್ಥಿತಿಗೆ ದೇಶಾಂತರಾದಿ ಸಂಸ್ಕಾರಗಳನ್ನು ಕೊಟ್ಟ ಮೇಲೆಯೇ ಅದು ಸ್ಪುಟವಾಗುವುದು. ಆದರೆ ಸಂಸ್ಕಾರವೇ ತಪ್ಪಾದರೆ? ಹಡಗು ಹಿಂದಿರುಗಿದ ಬಳಿಕ ಎಡಿನ್‌ಬರೋದ ಪ್ರೊಫೆಸರ್ ಪೀಟರ್ ಗಥ್ರಿ ಟೇಟ್ ಇದೇ ಪ್ರಶ್ನೆಯನ್ನು ಎತ್ತಿಕೊಂಡನು. ಒತ್ತುಯಂತ್ರದಲ್ಲಿ ಒಮ್ಮೆಗೇ ಒತ್ತಿದ ನೀರು ತಾನೇ ಬಿಸಿಯಾಗುತ್ತದೆ. ಉಷ್ಣಮಾಪಕವನ್ನು ಕೂರಿಸಿದ ಗಟ್ಟಿರಬ್ಬರಿನ ಹಲಗೆ ಇನ್ನೂ ಬಿಸಿಯಾಗುತ್ತದೆ. ಪರೀಕ್ಷಕರು ಕಂಡ ಹೆಚ್ಚಳದಲ್ಲಿ ಬಹುಭಾಗ ಈ ಬಿಸಿಯದು, ಗಾಜು ಅಮುಕಿದುದರದಲ್ಲ. ಹಗ್ಗದ ಜೊತೆ ಮೆಲ್ಲಗೆ ಆಳಕ್ಕಿಳಿದು, ಸುತ್ತಲಿನ ಕಡಲಿನ ಉಷ್ಣತೆಗೆ ಹೊಂದಿಕೊಳ್ಳಲು ಸಾಕಷ್ಟು ಹೊತ್ತು ಅಲ್ಲಿಯೇ ನಿಲ್ಲುವ ಉಪಕರಣಕ್ಕೆ ಆ ಬಿಸಿ ತಗಲದು. ಆದುದರಿಂದ ಕಡಲಿನ ಅಳತೆಗಳಿಗೆ ಸಲ್ಲತಕ್ಕ ಸಂಸ್ಕಾರ ಮೊದಲು ಗೊತ್ತುಮಾಡಿದುದರ ಒಂದು ಸಣ್ಣ ಅಂಶ ಮಾತ್ರ ಎಂದು ಟೇಟ್ ತೋರಿಸಿಕೊಟ್ಟನು. ಅವನ ಲೇಖನ 1882ರಲ್ಲಿ ಪ್ರಕಟವಾಯಿತು.

ಯಾನದ ಅಧಿಕಾರಿಗಳು ಹಳೆಯ ಸಂಸ್ಕಾರವನ್ನು ಒಳಸೇರಿಸಿ, ಕಂಡ ಅಂಕಿಯನ್ನು ಅಳಿಸಿ, ‘ಶುದ್ಧವಾದ’ ಉಷ್ಣತೆಯನ್ನು ಮಾತ್ರ ಮನೆಗೆ ತಂದಿದ್ದರೆ ಟೇಟ್‌ನ ಶ್ರಮ ವ್ಯರ್ಥವಾಗುತ್ತಿತ್ತು. ಹಾಗಾಗಲಿಲ್ಲ. ಯಾವ ಬಗೆಯ ಉಪಕರಣ, ಅದನ್ನು ಹೇಗೆ ಕಟ್ಟಿದರು, ಹೇಗೆ ಇಳಿಸಿದರು, ಯಾವ ಆಳದಲ್ಲಿ ಏನು ತೋರಿಸಿತು ಎಂಬುದೆಲ್ಲ ಬರವಣಿಗೆಯಲ್ಲಿ ಉಳಿಯಿತು. 1884ರ ಸಂಪುಟದ ಇನ್ನೂರಕ್ಕೂ ಹೆಚ್ಚು ಫಲಕಗಳಲ್ಲಿ ಸ್ಥಾನಸ್ಥಾನದ ಉಷ್ಣತೆಯ ವಕ್ರರೇಖೆಗಳಿವೆ; ರೇಖೆ ಸಂಪಾದಕರ ತೀರ್ಪು, ಅದಕ್ಕೆ ಆಧಾರವಾದ ಅಳತೆಗಳು ಸಾಕ್ಷ್ಯ. ಹಳೆಯ ಓಲೆಗ್ರಂಥವನ್ನು ಸಂಪಾದಿಸುವವನು ತನಗೆ ಸರಿಯೆಂದು ಕಂಡ ಪಾಠವನ್ನು ಮೇಲೆ ಅಚ್ಚುಮಾಡಿ, ಪ್ರತಿಗಳಲ್ಲಿರುವ ಪಾಠಾಂತರಗಳನ್ನು ಅಡಿಯಲ್ಲಿ ಕೊಡುವುದಕ್ಕೆ ಇದನ್ನು ಹೋಲಿಸಬಹುದು. ಅಡಿಯ ಸಾಲುಗಳನ್ನು ಕಿತ್ತುಹಾಕಿದ ಮುದ್ರಣ ಓದುವುದಕ್ಕೆ ಅಂದವಾಗಿರುವುದು, ಮುಂದಿನ ಸಂಪಾದಕನಿಗೆ ಮಾತ್ರ ಕೆಲಸಕ್ಕೆ ಬಾರದು.

ಸಂಸ್ಕರಣವೇ ಇಲ್ಲದ ವಸ್ತುವನ್ನು ಇರುವಂತೆ ತೋರಿಸಬಲ್ಲದೆಂಬುದಕ್ಕೆ ಇದೇ ಹಡಗಿನ ಮತ್ತೊಂದು ಪ್ರಸಂಗ ಪ್ರಸಿದ್ಧವಾಗಿದೆ. ಕಡಲ ತಳದ ಕೆಸರಿನಲ್ಲಿ ಅಂಟಿನಂತಹ ಆದಿಜೀವಿಯೊಂದು ಹರಡಿದೆಯೆಂದು ಹಕ್ಸ್‌ಲಿ ಹೇಳಿ, ಅದಕ್ಕೆ ‘ಬಥೀಬಿಯಸ್’ ಎಂದು ಹೆಸರಿಟ್ಟಿದ್ದನು. ಚಾಲೆಂಜರಿನವರು ಹೊಸ ಕೆಸರಿನಲ್ಲಿ ಅದನ್ನು ಹುಡುಕಿ ಕಾಣದೆ ಹೋದರು; ಮದ್ಯಸಾರದಲ್ಲಿಟ್ಟ ಕೆಸರಿನಲ್ಲಿ ಮಾತ್ರ ಅದು ತೋರಿತು. ಸಮುದ್ರದ ನೀರಿಗೆ ಮದ್ಯಸಾರ ಬೆರೆತಾಗ ಬೇರ್ಪಡುವ ಕ್ಯಾಲ್ಸಿಯಂ ಸಲ್ಫೇಟೇ ಆ ‘ಜೀವಿ’ ಎಂದು ಹಡಗಿನ ರಸಾಯನಜ್ಞ ಬ್ಯುಕ್ಯಾನನ್ ನಿರ್ಣಯಿಸಿದನು. ಹಕ್ಸ್‌ಲಿ ತನ್ನ ತಪ್ಪನ್ನು ಒಪ್ಪಿಕೊಂಡನು.

ಭೌತವಿಭಾಗದ ಅಳತೆಗಳನ್ನು ಮಾಡಿದವರು ವಿಜ್ಞಾನಿಗಳೆಂದು ಹೆಸರಾದವರಲ್ಲ, ಹಡಗಿನ ನಾವಿಕ ಅಧಿಕಾರಿಗಳು. ಉಷ್ಣತೆಯ ವರದಿಯ ತಲೆಬರಹದಲ್ಲಿಯೂ ‘ಅಧಿಕಾರಿಗಳು ಮಾಡಿದ ವೀಕ್ಷಣೆಗಳು’ ಎಂದಷ್ಟೇ ಉಂಟು. ಒಂದೊಂದು ಏಡಿಗೂ ಸ್ಪಂಜಿಗೂ ವಿದ್ವಾಂಸರ ಹೆಸರು ಹತ್ತಿರುವ ಗ್ರಂಥಮಾಲೆಯಲ್ಲಿ ಇದು ನ್ಯಾಯವೆನಿಸದು. ಅವರಲ್ಲಿ ದಾರಿ ನೋಡುವ ಅಧಿಕಾರಿಯಾಗಿದ್ದ ಥಾಮಸ್ ಹೆನ್ರಿ ಟಿಜಾರ್ಡ್ ಬರಿಯ ಲೆಕ್ಕಿಗನಾಗಿರಲಿಲ್ಲ. ಸೂಲು ಸಮುದ್ರದಲ್ಲಿ ಸುಮಾರು 400 ಮಾರುಗಳ ಕೆಳಗೆ ತಳದವರೆಗೂ ಉಷ್ಣತೆ ಇಳಿಯದೆ ಫ್ಯಾರನ್‌ಹೀಟಿನ 50 ಡಿಗ್ರಿಗಳ ಆಸುಪಾಸಿನಲ್ಲಿಯೇ ನಿಂತುದು ಕಂಡಿತು. ಹೊರಗಿನ ಮಹಾಸಾಗರದ ಆಳದ ತಣ್ಣೀರು ಒಳಗೆ ಬಾರದಂತೆ ಸುತ್ತಲೂ ನೀರಿನಡಿಯ ದಿಬ್ಬವೊಂದು ತಡೆದಿದೆಯೆಂಬುದು ಇದರ ಅರ್ಥ. ಹೀಗೆ ಉಷ್ಣಮಾಪಕದಿಂದ ಬೆಟ್ಟಗಳನ್ನು ಕಾಣುವ ಕಲೆಯನ್ನು ಟಿಜಾರ್ಡ್ ಚೆನ್ನಾಗಿ ಬಲ್ಲವನಾಗಿದ್ದನು. ಸ್ಕಾಟ್ಲೆಂಡಿಗೂ ಫೆರೋ ದ್ವೀಪಗಳಿಗೂ ನಡುವೆ ಇಂತಹದೇ ದಿಬ್ಬವಿರಬೇಕೆಂಬ ಅನುಮಾನವನ್ನು ಪರೀಕ್ಷಿಸಲು 1880ರಲ್ಲಿ ‘ನೈಟ್ ಎರಂಟ್’ ಹಡಗಿನಲ್ಲಿ ಅವನು ಹೋಗಿ ನೋಡಿದಾಗ ದಿಬ್ಬ ನಿಜವಾಗಿಯೇ ಸಿಕ್ಕಿತು. ಅದಕ್ಕೆ ವೈವಿಲ್ ಥಾಮ್ಸನ್‌ನ ಹೆಸರಿಟ್ಟರು.

ಇಷ್ಟು ಸಾಮಗ್ರಿಯಿದ್ದೂ ವರದಿ ಸಾಗರದ ಚಲನೆಯ ವಿಚಾರದಲ್ಲಿ ಬಹುಮಟ್ಟಿಗೆ ಮೌನವಾಗಿದೆ. ನೀರಿನ ಸಾಂದ್ರತೆಯ ವ್ಯತ್ಯಾಸವೇ ಆಳದ ಹರಿವಿಗೆ ಕಾರಣವೆಂದು ಕಾರ್ಪೆಂಟರನೂ, ಗಾಳಿಯೇ ಕಾರಣವೆಂದು ಕ್ರೋಲನೂ ಯಾನದ ಕಾಲದಲ್ಲಿ ತೀವ್ರವಾಗಿ ವಾದಿಸುತ್ತಿದ್ದರು. ಉತ್ತರ ಹೇಳಬಲ್ಲ ಅಂಕಿಗಳು ಚಾಲೆಂಜರಿನವರ ಕೈಯಲ್ಲಿದ್ದರೂ ಅವುಗಳಿಗೆ ಗಣಿತವನ್ನು ಹೂಡುವವರು ಸಂಪಾದಕಮಂಡಲಿಯಲ್ಲಿರಲಿಲ್ಲ. 1882ರಲ್ಲಿ ವೈವಿಲ್ ಥಾಮ್ಸನ್ ತೀರಿಕೊಂಡ ಮೇಲೆ ಭಾರವನ್ನು ಹೊತ್ತ ಜಾನ್ ಮರೆಯ ಒಲವು ತಳದ ಕೆಸರಿನ ಕಡೆಗೆ. ಅದರ ಮೇಲೆ ರೆನಾರ್ಡನೊಡನೆ 1891ರಲ್ಲಿ ಅವನು ಹೊರತಂದ ಸಂಪುಟ ಆ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಪ್ರವಾಹಗಳ ಗಣಿತ ಮಾತ್ರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಂಡಿನೇವಿಯದ ವಿದ್ವಾಂಸರಿಂದ ಬರಬೇಕಾಯಿತು. ರಸಾಯನಭಾಗದಲ್ಲಿ ಡಿಟ್‌ಮಾರ್ 77 ನೀರಿನ ಮಾದರಿಗಳನ್ನು ವಿಶ್ಲೇಷಿಸಿ, ಲವಣಗಳ ಒಟ್ಟು ಪ್ರಮಾಣ ಎಲ್ಲಿ ಎಷ್ಟೇ ಇದ್ದರೂ ಅವುಗಳ ಪರಸ್ಪರ ಅನುಪಾತ ಬಹುಮಟ್ಟಿಗೆ ಸ್ಥಿರವೆಂದು 1884ರಲ್ಲಿ ಸ್ಥಾಪಿಸಿದನು. ಆಳದ ನೀರಿನಲ್ಲಿ ಸುಣ್ಣದ ಅಂಶ ಕೊಂಚ ಹೆಚ್ಚೆಂಬ ಅಪವಾದವನ್ನೂ ಅವನು ಮರೆಮಾಚಲಿಲ್ಲ. ತೂಗಾಡುವ ಹಡಗಿನಲ್ಲಿ ತೇಲುಮಾಪಕದಿಂದ ನೋಡಿದ ವಿಶಿಷ್ಟ ಗುರುತ್ವದ ಅಂಕಿಗಳಿಗೆ ಅಂತಹ ನಿಖರತೆ ಇಲ್ಲ.

ಮುಂದಿನ ಯಾನಗಳೊಡನೆ ಹೋಲಿಸಿದರೆ ಪ್ರಮಾಣದ ಅಂತರ ಕಣ್ಣಿಗೆ ಹೊಡೆಯುವಂತಿದೆ. 1925ರಿಂದ 1927ರವರೆಗೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಸಂಚರಿಸಿದ ಜರ್ಮನಿಯ ‘ಮೀಟಿಯೋರ್’ 310 ಸ್ಥಾನಗಳಲ್ಲಿ ನಿಂತು, ಪ್ರತಿಧ್ವನಿಯಂತ್ರದಿಂದ 67,000ಕ್ಕೂ ಮಿಕ್ಕ ಆಳಗಳನ್ನು ತೆಗೆದುಕೊಂಡಿತು. ಇಂದು ಹಡಗಿನ ಸ್ಥಾನವನ್ನು ಉಪಗ್ರಹಗಳು ಹೇಳುತ್ತವೆ. ಆಳ, ಉಷ್ಣತೆ, ಲವಣಾಂಶಗಳು ಗಣಕಕ್ಕೆ ತಾವಾಗಿಯೇ ಹರಿದು ಬರುತ್ತವೆ.

ಹೀಗಿರುವಲ್ಲಿ 492 ಆಳಗಳ ಹಳೆಯ ವರದಿಯಿಂದ ಪ್ರಯೋಜನವೇನು ಎಂದು ಕೇಳಬಹುದು. 2012ರಲ್ಲಿ ರೋಮಿಕ್, ಗೋಲ್ಡ್, ಗಿಲ್ಸನ್ ಎಂಬ ಮೂವರು ಚಾಲೆಂಜರಿನ ಉಷ್ಣತೆಗಳನ್ನು, ‘ಆರ್ಗೋ’ ಎಂಬ ಸ್ವಯಂಚಾಲಿತ ತೇಲುಯಂತ್ರಗಳು ಅವೇ ಸ್ಥಾನಗಳ ಸುತ್ತ ಅಳೆದ ಉಷ್ಣತೆಗಳೊಡನೆ ಹೋಲಿಸಿದರು. ಮೇಲ್ಮೈಯಲ್ಲಿ ಸರಾಸರಿ 0.59 ಸೆಂಟಿಗ್ರೇಡ್ ಡಿಗ್ರಿ, 700 ಮೀಟರುಗಳವರೆಗಿನ ಪದರದಲ್ಲಿ ಸರಾಸರಿ 0.33 ಡಿಗ್ರಿ ಕಡಲು ಬೆಚ್ಚಗಾಗಿದೆಯೆಂದು ಅವರಿಗೆ ಕಂಡಿತು. ಹಗ್ಗ ಓರೆಯಾಗಿದ್ದರೆ ಉಪಕರಣ ಬರೆದ ಆಳಕ್ಕಿಂತ ಮೇಲಿನ ಬೆಚ್ಚನೆಯ ನೀರನ್ನೇ ನೋಡಿರಬೇಕು. ಒತ್ತಡವೂ ಓದನ್ನು ಹೆಚ್ಚಿಸುವುದೇ ಹೊರತು ತಗ್ಗಿಸುವುದಿಲ್ಲ. ಎರಡು ತಪ್ಪುಗಳೂ ಹಳೆಯ ಕಡಲನ್ನು ಇದ್ದುದಕ್ಕಿಂತ ಬೆಚ್ಚಗೆ ತೋರಿಸುವಂಥವು. ಆದುದರಿಂದ ನಿಜವಾದ ಏರಿಕೆ ಇದಕ್ಕಿಂತ ಹೆಚ್ಚಿರಬಹುದೇ ಹೊರತು ಕಡಿಮೆಯಲ್ಲ ಎಂಬ ಅವರ ವಾದ ಬಲವಾದುದು. ತಪ್ಪು ಯಾವ ದಿಕ್ಕಿನದೆಂದು ತಿಳಿಯಲು ಸಾಧ್ಯವಾದುದು ಹಗ್ಗದ ಬಗೆಯೂ ಉಪಕರಣದ ಬಗೆಯೂ ದಾಖಲಾಗಿದ್ದುದರಿಂದಲ್ಲವೆ? 2019ರಲ್ಲಿ ಗೆಬ್ಬಿ ಮತ್ತು ಹೈಬರ್ಸ್ ಇನ್ನೂ ಮುಂದೆ ಹೋಗಿ, ಪೆಸಿಫಿಕ್‌ನ 1,800ರಿಂದ 2,600 ಮೀಟರುಗಳ ಆಳದಲ್ಲಿ ಆ ಕಾಲದಿಂದೀಚೆಗೆ ನೀರು 0.02ರಿಂದ 0.08 ಡಿಗ್ರಿಯಷ್ಟು ತಣ್ಣಗಾಗಿದೆಯೆಂದೂ, ಅದು ಶತಮಾನಗಳ ಹಿಂದಿನ ಚಳಿಗಾಲದ ಗುರುತೆಂದೂ ಪ್ರತಿಪಾದಿಸಿರುವರು. ಇದನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಡಿಗ್ರಿಯ ನೂರನೆಯ ಭಾಗಗಳ ಮಾತನ್ನು ಸೂಚಿ ಜಾರುವ ಒಂದು ಉಷ್ಣಮಾಪಕ ಹೇಳಲಾರದು. ಅನೇಕ ಅಳತೆಗಳ ಸರಾಸರಿ ಮಾತ್ರ ಹೇಳಬಹುದು, ಅದೂ ಟೇಟ್‌ನ ಸಂಸ್ಕಾರ ಸರಿಯಾಗಿದ್ದರೆ. ಆ ಸಂಸ್ಕಾರ ಕೊಂಚ ಅತ್ತಿತ್ತಾದರೆ ಫಲವೂ ಅತ್ತಿತ್ತಾಗುವುದು.

ಇದಕ್ಕೆ ಪ್ರತಿಯಾಗಿ ಇತ್ತೀಚಿನ ಕಾಲದ ಒಂದು ಉದಾಹರಣೆಯನ್ನು ನೋಡಬಹುದು. 1960ರ ದಶಕದಿಂದ, ಓಡುತ್ತಿರುವ ಹಡಗಿನಿಂದಲೇ ನೀರಿಗೆ ಬೀಳಿಸಿ, ತೆಳುವಾದ ತಾಮ್ರದ ತಂತಿಯ ಮೂಲಕ ಉಷ್ಣತೆಯನ್ನು ತಿಳಿಯುವ ‘ಎಕ್ಸ್‌ಬಿಟಿ’ ಎಂಬ ಉಪಕರಣ ಬಳಕೆಗೆ ಬಂದಿತು. ಒಮ್ಮೆ ಬಿಟ್ಟರೆ ಅದು ಹಿಂದಿರುಗುವುದಿಲ್ಲ. ಅದು ಆಳವನ್ನು ಅಳೆಯುವುದಿಲ್ಲ. ಬಿದ್ದ ಕಾಲವನ್ನು ಒಂದು ಸೂತ್ರಕ್ಕೆ ಹಚ್ಚಿ ಆಳವನ್ನು ಲೆಕ್ಕಿಸಬೇಕು. ಸೂತ್ರದಲ್ಲಿ ದೋಷವಿದ್ದುದರಿಂದ 1970ರ ದಶಕದ ಕಡಲು ಇದ್ದುದಕ್ಕಿಂತ ಬೆಚ್ಚಗೆ ತೋರಿತೆಂದು 2007ರಲ್ಲಿ ಗುರೆಟ್‌ಸ್ಕಿ ಮತ್ತು ಕೋಲ್ಟರ್‌ಮನ್ ತೋರಿಸಿಕೊಟ್ಟರು. ತಿದ್ದಹೊರಟಾಗ ಎದುರಾದ ತೊಡಕು, ಅನೇಕ ದಾಖಲೆಗಳಲ್ಲಿ ಬಳಸಿದ ಉಪಕರಣ ಯಾವ ಮಾದರಿಯದೆಂಬುದೇ ಇಲ್ಲದಿದ್ದುದು. ಅಂಕಿಗಳನ್ನು ಲಕ್ಷಗಟ್ಟಲೆ ಕೂಡಿಹಾಕಿದವರು ಆ ಒಂದು ಅಂಕಣವನ್ನು ತುಂಬದೆ ಬಿಟ್ಟಿದ್ದರು. 1870ರ ದಶಕದ ಸೆಣಬಿನ ಹಗ್ಗದ ವಿಷಯ ತಿಳಿದಷ್ಟು, ನೂರು ವರ್ಷ ತರುವಾಯದ ತಾಮ್ರದ ತಂತಿಯ ವಿಷಯ ತಿಳಿಯದಾಯಿತು.

ಅರಬ್ಬೀ ಸಮುದ್ರದ ಮಟ್ಟಿಗೆ ಚಾಲೆಂಜರಿನಿಂದ ನೇರವಾದ ಉಪಕಾರವಾಗಲಿಲ್ಲ. ಹಡಗು ಕೇಪ್‌ನಿಂದ ಕರ್ಗೆಲೆನ್ ದ್ವೀಪದ ಮಾರ್ಗವಾಗಿ ಮೆಲ್ಬರ್ನ್ ಸೇರಿತು. ಹಿಂದೂ ಮಹಾಸಾಗರದ ಉತ್ತರಾರ್ಧವನ್ನು ಅದು ಹೊಗಲೇ ಇಲ್ಲ. ಈ ಕೊರತೆ ಕೊಂಚಮಟ್ಟಿಗೆ ತುಂಬಿದುದು ಮರೆಯ ಮರಣಾನಂತರ, ಅವನು ಬಿಟ್ಟುಹೋದ ಹಣದಿಂದ. 1933ನೆಯ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ‘ಮಬಾಹಿಸ್’ ಎಂಬ ಚಿಕ್ಕ ಹಡಗು ಅಲೆಕ್ಸಾಂಡ್ರಿಯವನ್ನು ಬಿಟ್ಟು, 1934ನೆಯ ಮೇ ತಿಂಗಳವರೆಗೆ ಈ ಕಡಲಿನಲ್ಲಿ ಸಂಚರಿಸಿತು. ಭಾರತದ ಪ್ರಾಣಿಸರ್ವೇಕ್ಷಣ ಇಲಾಖೆಯ ಮುಖ್ಯಸ್ಥನಾಗಿದ್ದ ಸೀಮೋರ್ ಸೀವೆಲ್ ಅದರ ನಾಯಕ. ವಾಯವ್ಯಭಾಗದ ಸಾಗರತಳದಲ್ಲಿ ಅವರಿಗೆ ದೊರೆತ ಪರ್ವತಶ್ರೇಣಿ ಮರೆಯ ಹೆಸರನ್ನೇ ಹೊತ್ತಿದೆ. ನಡುವಣ ಆಳಗಳ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆಯೆಂಬುದನ್ನೂ ಆ ಯಾನ ಅಳೆದು ತೋರಿಸಿತು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ ನೋಡುತ್ತಿರುವುದು ಇದೇ ಕಡಲನ್ನು. 1870ರ ದಶಕದಲ್ಲಿ ಅದರ ಆಳದ ಉಷ್ಣತೆ ಎಷ್ಟಿತ್ತೆಂಬುದಕ್ಕೆ ಚಾಲೆಂಜರಿನ ಕೋಷ್ಟಕಗಳಲ್ಲಿ ಒಂದು ಸಾಲೂ ಇಲ್ಲ. 2012ರ ಹೋಲಿಕೆಯಲ್ಲಿ ಆ ಭಾಗ ಬರಿದಾಗಿಯೇ ಉಳಿದಿದೆ.